ಮುಖ ಕಂಡರೆ ಸುಸ್ಥಿತಿ

ಬಸ್ ನಿಲ್ದಾಣದ ದಾಖಲೆ ಕೋಣೆಯಲ್ಲಿ ವರ್ಷಕ್ಕೊಮ್ಮೆ ಸಿಡಿಗಳ ತಪಾಸಣೆ ನಡೆಯುತ್ತಿತ್ತು. ಅದರ ವಿಧಾನ ಹೀಗೆ. ದಾಖಲೆ ಗುಮಾಸ್ತ ಕಪಾಟಿನ ಬೀಗ ತೆಗೆದು, ಒಂದೊಂದೇ ಸಿಡಿಯನ್ನು ಹೊರಗೆಳೆದು, ತಪಾಸಣಾಧಿಕಾರಿಯ ಮೂಗಿನ ಮುಂದೆ ಹಿಡಿಯಬೇಕು. ತಪಾಸಣಾಧಿಕಾರಿ ಅದರ ಬೆನ್ನಿನಲ್ಲಿ ತನ್ನ ಮುಖ ನೋಡಿಕೊಳ್ಳಬೇಕು. ಮುಖ ಕಂಡರೆ 'ಸುಸ್ಥಿತಿಯಲ್ಲಿದೆ' ಎಂದು ಬರೆದುಕೊಳ್ಳಬೇಕು. ಮಸುಕಾಗಿ ಕಂಡರೆ ಒರೆಸಿ ಮತ್ತೊಮ್ಮೆ ನೋಡಬೇಕು. ಈ ಕ್ರಮ ಎಲ್ಲಿಂದ ಬಂತೋ ಯಾರಿಗೂ ಗೊತ್ತಿಲ್ಲ. ಆ ಅಧಿಕಾರಿ ಮೊದಲು ನಿಲ್ದಾಣದ ಕ್ಯಾಂಟೀನಿನ ಸ್ಟೀಲ್ ತಟ್ಟೆಗಳನ್ನು ತಪಾಸಣೆ ಮಾಡುತ್ತಿದ್ದರು ಎಂಬುದೊಂದೇ ಸುಳಿವು. ಸಿಡಿಯನ್ನು ಕಂಪ್ಯೂಟರಿಗೆ ಹಾಕಿ ನೋಡೋಣ ಎಂಬ ಯೋಚನೆ ಯಾರ ತಲೆಗೂ ಬರಲಿಲ್ಲ. ತಟ್ಟೆ ಚೆನ್ನಾಗಿದೆಯೇ ಎಂದು ತಿಳಿಯಲು ಅದನ್ನು ಕಚ್ಚಿ ನೋಡುವವರುಂಟೆ?

ಆ ದಾಖಲೆ ಗುಮಾಸ್ತನೇ ನಮ್ಮ ಬ್ಯಾಕಪ್ಪ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆದರೆ ನಿಲ್ದಾಣಕ್ಕೆ ಸಿಡಿ ಬರೆಯುವ ಯಂತ್ರ ಬಂದ ದಿನದಿಂದ ಅವನಿಗೆ ಸಿಕ್ಕಸಿಕ್ಕವರನ್ನೆಲ್ಲ "ಬ್ಯಾಕಪ್ ಇದೆಯಾ?" ಎಂದು ಕೇಳುವ ಚಟ ಹತ್ತಿತು. ಹಾಲು ಹಾಕುವವನನ್ನು ಕೇಳಿದ. ಅಂಗಡಿಯವನನ್ನು ಕೇಳಿದ. ಒಂದು ಮದುವೆಯಲ್ಲಿ ಹೆಣ್ಣಿನ ತಂದೆಯನ್ನೂ ಕೇಳಿದ. ಆತ ಇವನನ್ನು ಊಟಕ್ಕೆ ಕೂರಿಸದೆ ಕಳಿಸಿದ. ಹೆಸರು ಅಂಟಿಕೊಂಡಿತು.

ಬ್ಯಾಕಪ್ಪನ ನಂಬಿಕೆಗೆ ಆಧಾರವಿರಲಿಲ್ಲವೆಂದಲ್ಲ. ಸಿಡಿಯ ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ 'ನೂರು ವರ್ಷ ಬಾಳಿಕೆ' ಎಂದು ಅಚ್ಚಾಗಿತ್ತು. ಅಚ್ಚಾದದ್ದನ್ನು ಅನುಮಾನಿಸುವುದು ಅವನ ಜಾಯಮಾನದಲ್ಲಿ ಇರಲಿಲ್ಲ. ಡಬ್ಬಿಯ ರಟ್ಟನ್ನು ಕತ್ತರಿಸಿ ಕಪಾಟಿನ ಬಾಗಿಲಿಗೆ ಅಂಟಿಸಿದ. ಪ್ರತಿ ಸಿಡಿಯ ಮೇಲೂ ಗೋಂದು ಹಚ್ಚಿ ಕಾಗದದ ಚೀಟಿ ಮೆತ್ತಿ, ಬಾಲ್‌ಪೆನ್ನಿನಿಂದ ಕೆತ್ತಿದ ಹಾಗೆ ಒತ್ತಿ ಒತ್ತಿ ಹೆಸರು ಬರೆದ. ಕಪಾಟು ಪಶ್ಚಿಮದ ಕಿಟಕಿಗೆ ಮುಖ ಮಾಡಿ ನಿಂತಿತ್ತು; ಮಧ್ಯಾಹ್ನದ ಬಿಸಿಲು ಗಾಜಿನೊಳಗಿಂದ ನೇರ ಸಿಡಿಗಳ ಮೇಲೆ ಬೀಳುತ್ತಿತ್ತು. "ಬೆಚ್ಚಗಿರ್ಲಿ ಬಿಡಿ, ಬೂಷ್ಟು ಹಿಡಿಯಲ್ಲ" ಎನ್ನುತ್ತಿದ್ದ.

ಇನ್ನು ತಪಾಸಣೆಯ ಹಿಂದಿನ ದಿನವಂತೂ ಸಿಡಿಗಳನ್ನೆಲ್ಲ ಚೀಲದಲ್ಲಿ ಮನೆಗೆ ತಂದು, ಹಿತ್ತಲಲ್ಲಿ ಕುಳಿತು ಹಲ್ಲುಪುಡಿ ಹಾಕಿ ಗುಂಡಗೆ ತಿಕ್ಕುತ್ತಿದ್ದ. ಬಾಗಿಲಲ್ಲಿ ನಿಂತು ಹೆಂಡತಿ ನೋಡುತ್ತಿದ್ದಳು.

"ಅಲ್ಲಾ ರೀ, ಮದುವೆಯಾಗಿ ಇಷ್ಟು ವರ್ಷ ಆಯ್ತು, ಒಂದು ಲೋಟ ತೊಳೆದವರಲ್ಲ. ಇದನ್ನ ಯಾವ ಪುಣ್ಯಕ್ಕೆ ತಿಕ್ಕ್ತಿದ್ದೀರಿ?"

"ಸಾಹೇಬ್ರಿಗೆ ಮುಖ ಕಾಣ್ಬೇಕು ಕಣೇ."

"ಅವ್ರ ಮನೇಲಿ ಕನ್ನಡಿ ಇಲ್ವಾ?"

ಆ ವರ್ಷ ತಪಾಸಣಾಧಿಕಾರಿ ಒಂದು ಸಿಡಿಯಲ್ಲಿ ಮುಖ ನೋಡಿದ್ದಲ್ಲದೆ ಕ್ರಾಪನ್ನೂ ಸರಿಮಾಡಿಕೊಂಡರು. "ಇಡೀ ಇಲಾಖೇಲಿ ಇಷ್ಟು ಹೊಳೆಯೋ ಡೇಟಾ ನಾನು ನೋಡಿಲ್ಲ" ಎಂದರು. ಬ್ಯಾಕಪ್ಪ ವಾರಗಟ್ಟಲೆ ಆ ಮಾತನ್ನೇ ಮೆಲುಕು ಹಾಕಿದ.

ಕ್ರಾಪು ಸರಿಮಾಡಿಕೊಂಡ ಆ ಸಿಡಿಯಲ್ಲಿ ಇದ್ದದ್ದು ಬ್ಯಾಕಪ್ಪನ ಭಾವನ ಧ್ವನಿ.

ಭಾವ ಎಂದರೆ ಅಕ್ಕನ ಗಂಡ. ಅದೇ ನಿಲ್ದಾಣದಲ್ಲಿ ಧ್ವನಿವರ್ಧಕದ ಮುಂದೆ ಕುಳಿತು ಬಸ್ಸುಗಳು ಬರುವುದನ್ನೂ ಹೋಗುವುದನ್ನೂ ಕೂಗಿ ಹೇಳುತ್ತಿದ್ದವನು. ಅದೆಂಥ ಧ್ವನಿ! ಬಸ್ಸು ರದ್ದಾಗಿದೆ ಎಂದು ಭಾವ ಹೇಳಿದರೆ ಜನ ಏನೋ ಸಿಕ್ಕಿದವರಂತೆ ಸಮಾಧಾನವಾಗಿ ಮನೆಗೆ ಹೋಗುತ್ತಿದ್ದರು. 'ಜೇಬುಗಳ್ಳರಿದ್ದಾರೆ, ಎಚ್ಚರಿಕೆ' ಎಂದರೆ ಜೇಬುಗಳ್ಳರೂ ತಮ್ಮ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಮುಂದೆ ನಿಲ್ದಾಣಕ್ಕೆ ಕಂಪ್ಯೂಟರ್ ಬಂತು. ಭಾವನನ್ನು ಒಂದು ಕೋಣೆಯಲ್ಲಿ ಕೂರಿಸಿ, ಎಲ್ಲ ಊರುಗಳ ಹೆಸರು, ಎಲ್ಲ ಅಂಕಣಗಳ ಸಂಖ್ಯೆ, ಎಲ್ಲ ಎಚ್ಚರಿಕೆ, ಎಲ್ಲ ಕ್ಷಮಾಪಣೆಗಳನ್ನೂ ಬಿಡಿಬಿಡಿಯಾಗಿ ಹೇಳಿಸಿ ತುಂಬಿಕೊಂಡರು. ಆಮೇಲೆ ಭಾವನ ಅಗತ್ಯವಿಲ್ಲವಾಗಿ, ಅವನನ್ನು ಕಳೆದುಹೋದ ಸಾಮಾನುಗಳ ಕೌಂಟರಿಗೆ ಕಳಿಸಿದರು. ಅಲ್ಲಿರುವಾಗಲೇ ಗಂಟಲಿಗೆ ಕಾಯಿಲೆ ಬಂತು. ಡಾಕ್ಟರು ಕುತ್ತಿಗೆ ಕೊಯ್ದು ಭಾವನನ್ನು ಉಳಿಸಿದರು, ಧ್ವನಿಯನ್ನು ಉಳಿಸಲಿಲ್ಲ.

ಅಂದಿನಿಂದ ಭಾವನ ಕೈಗೆ ಒಂದು ಸ್ಲೇಟು ಬಂತು. ಅವನು ಬರೆಯುವುದು ಒಂದೋ ಎರಡೋ ಮಾತು. ಅದನ್ನು ಓದಿ ಹೇಳುವವಳು ಅಕ್ಕ. ಅಕ್ಕನಿಗೆ ಒಂದು ಮಾತನ್ನು ಒಂದೇ ಮಾತಾಗಿ ಬಿಟ್ಟು ರೂಢಿಯಿಲ್ಲ. ಭಾವ 'ನೀರು' ಎಂದು ಬರೆದರೆ, "ನೀರು ಬೇಕಂತೆ. ಬೆಳಗ್ಗಿಂದ ಕೇಳ್ತಿದಾರಂತೆ, ಈ ಮನೇಲಿ ಯಾರಿಗೂ ಕಿವಿ ಇಲ್ವಂತೆ" ಎಂದು ಓದುತ್ತಿದ್ದಳು. ಭಾವ ಸ್ಲೇಟನ್ನೂ ಅಕ್ಕನನ್ನೂ ಸರದಿಯಂತೆ ನೋಡಿ, ಅಂಗಿಯ ತೋಳಿನಿಂದ ಒರೆಸಿಬಿಡುತ್ತಿದ್ದ.

ದಿನಾ ಬೆಳಗ್ಗೆ ಭಾವ ನಿಲ್ದಾಣಕ್ಕೆ ಬಂದು, ಧ್ವನಿವರ್ಧಕದ ಕೆಳಗಿನ ಕಲ್ಲುಬೆಂಚಿನಲ್ಲಿ ಕೂರುತ್ತಿದ್ದ. ಮೇಲಿಂದ ಅವನ ಧ್ವನಿ ಬಸ್ಸುಗಳನ್ನು ಕೂಗುತ್ತಿತ್ತು. ಕೆಳಗೆ ಅವನ ತುಟಿ ಅದರ ಜೊತೆ ಅಲುಗುತ್ತಿತ್ತು. ಒಂದಕ್ಷರ ಹಿಂದುಮುಂದಾಗುತ್ತಿರಲಿಲ್ಲ. ಗೊತ್ತಿಲ್ಲದವರು ನೋಡಿದರೆ ಭಾವನೇ ಮಾತಾಡುತ್ತಿದ್ದಾನೆ ಎನ್ನಬೇಕು.

ಹೀಗಿರುವಾಗ ಹೊಸ ಮ್ಯಾನೇಜರ್ ಬಂದರು. ಅವರ ಹಿಂದೆಯೇ ಹೊಸ ಯಂತ್ರ ಬಂತು. ಅದರೊಳಗೆ ಒಬ್ಬ ಹೆಂಗಸಿನ ಧ್ವನಿ ಮೊದಲೇ ಕೂತಿತ್ತು. ಜನ ಅವಳನ್ನು ಯಂತ್ರದಮ್ಮ ಎಂದರು. ಬಸ್ಸು ಬಂದರೂ, ಬರದಿದ್ದರೂ, ಹಳ್ಳಕ್ಕೆ ಬಿದ್ದರೂ ಯಂತ್ರದಮ್ಮನಿಗೆ ಒಂದೇ ಸಮನೆ ಖುಷಿ.

ಬ್ಯಾಕಪ್ಪ ಮ್ಯಾನೇಜರ ಎದುರು ಎದೆಯುಬ್ಬಿಸಿ ನಿಂತ. "ಸಾರ್, ನಮ್ಮ ಭಾವನ ಧ್ವನಿಯನ್ನೇ ಹೊಸ ಮಿಷಿನ್‌ಗೂ ಹಾಕಬಹುದು. ಬ್ಯಾಕಪ್ ಇದೆ."

"ಗ್ಯಾರಂಟಿ ಇದೆಯೇನ್ರೀ?"

"ನೂರು ವರ್ಷ ಸಾರ್. ತಪಾಸಣೆ ರಿಪೋರ್ಟೂ ಇದೆ."

ಮ್ಯಾನೇಜರಿಗೆ ಸಮಾರಂಭಗಳೆಂದರೆ ಪ್ರಾಣ. ಹಳೆಯ ನೌಕರನ ಧ್ವನಿಯನ್ನು ಹೊಸ ಯಂತ್ರಕ್ಕೆ ತುಂಬುವುದು, ಟೇಪು ಕತ್ತರಿಸುವುದು, ಫೋಟೋ, ಭಾಷಣ. ಅವರ ಕಣ್ಣು ಮಿನುಗಿತು. ಹಳೆಯ ಕಂಪ್ಯೂಟರನ್ನು ಗುಜರಿಗೆ ಕಳಿಸುವ ಮೊದಲು ಅದರಲ್ಲಿದ್ದದ್ದನ್ನೆಲ್ಲ ಅಳಿಸಬೇಕಿತ್ತು. ಆ ಕೆಲಸವನ್ನು ಬ್ಯಾಕಪ್ಪ ಬೇರೆ ಯಾರಿಗೂ ಬಿಡಲಿಲ್ಲ.

"ಒಂದಷ್ಟು ದಿನ ಅದರಲ್ಲೂ ಇರ್ಲಿ ಬಿಡಿ" ಎಂದು ಹೆಂಡತಿ ಹೇಳಿದ್ದಳು.

"ನಿಂಗೇನು ಗೊತ್ತಾಗುತ್ತೆ? ಎರಡು ಕಡೆ ಇದ್ರೆ ಯಾವುದು ಅಸಲಿ, ಯಾವುದು ನಕಲಿ ಅಂತ ಗೊಂದಲ ಆಗುತ್ತೆ. ಬ್ಯಾಕಪ್ ಅಂದ್ರೆ ಒಂದೇ ಕಡೆ ಇರ್ಬೇಕು."

ಓದುಗರು ನಗಬಾರದು. ಬ್ಯಾಕಪ್ ಎಂದರೆ ಇದ್ದದ್ದನ್ನು ಸಿಡಿಗೆ ಹಾಕಿ ಇದ್ದ ಜಾಗದಿಂದ ಗುಡಿಸಿಬಿಡುವುದು ಎಂದೇ ಅವನು ಮೊದಲಿಂದಲೂ ತಿಳಿದಿದ್ದ. ಅದು ತಪ್ಪೆಂದು ಹೇಳಬೇಕಾದವರು ಸಿಡಿಯಲ್ಲಿ ಕ್ರಾಪು ಬಾಚಿಕೊಳ್ಳುತ್ತಿದ್ದರು.

ಸಮಾರಂಭದ ದಿನ ಭಾವ ಇಸ್ತ್ರಿಯ ಅಂಗಿ ಹಾಕಿಕೊಂಡು, ಗಾಯದ ಗುರುತು ಕಾಣದ ಹಾಗೆ ಕುತ್ತಿಗೆಗೆ ಮಫ್ಲರು ಸುತ್ತಿ ಮುಂದಿನ ಸಾಲಿನಲ್ಲಿ ಕುಳಿತ. ಪಕ್ಕದಲ್ಲಿ ಅಕ್ಕ. ಹಿಂದೆ ಬ್ಯಾಕಪ್ಪನ ಹೆಂಡತಿ, ಎದುರುಮನೆ ಟೈಲರ್, ಕೂಲಿಯವರು, ಕಂಡಕ್ಟರುಗಳು, ಬಸ್ಸು ಬಾರದೆ ಅನಿವಾರ್ಯವಾಗಿ ಸಭಿಕರಾದ ಪ್ರಯಾಣಿಕರು. ಭಾವ ಸ್ಲೇಟಿನಲ್ಲಿ 'ಸಂತೋಷ' ಎಂದು ಬರೆದ.

"ಸಂತೋಷವಂತೆ" ಎಂದು ಅಕ್ಕ ಸಭೆಗೆಲ್ಲ ಕೇಳುವಂತೆ ಓದಿದಳು. "ಇಷ್ಟು ವರ್ಷ ದುಡಿದಿದ್ದಕ್ಕೆ ಈಗಲಾದ್ರೂ ಕಣ್ಣು ಬಿಟ್ರಲ್ಲ ಅಂತ ಸಂತೋಷವಂತೆ. ಕುರ್ಚಿಗೆ ಮಾತ್ರ ಒಂದು ಕಾಲು ಮೋಟಂತೆ."

ಬ್ಯಾಕಪ್ಪ ಸಿಡಿಯನ್ನು ಎತ್ತಿ ಎಲ್ಲರಿಗೂ ತೋರಿಸಿದ. ಅದು ಬೆಳಕಿಗೆ ಝಗ್ಗೆಂದಿತು. ಜನ ಚಪ್ಪಾಳೆ ತಟ್ಟಿದರು. ಯಂತ್ರದ ಬಾಯಿ ತೆರೆಯಿತು, ಸಿಡಿಯನ್ನು ನುಂಗಿತು, ಒಳಗೊಳಗೇ ಗೊರಗೊರ ಎಂದಿತು. ಪರದೆಯ ಮೇಲೆ ಅಕ್ಷರ ಮೂಡಿತು: 'ದಯವಿಟ್ಟು ಡಿಸ್ಕ್ ಹಾಕಿ.'

"ಹಾಕಿದೀವಲ್ರೀ?" ಎಂದರು ಮ್ಯಾನೇಜರ್.

"ಹಾಕಿದೀವಿ ಸಾರ್. ಅದಕ್ಕೆ ಕಾಣ್ತಿಲ್ಲ."

"ನಮಗೆಲ್ಲ ಕಾಣ್ತಲ್ಲ!"

"ಹೌದು ಸಾರ್, ಹಿಂದಿನ ಸಾಲಿನವರಿಗೂ ಕಾಣ್ತು."

ತೆಗೆದರು, ಊದಿದರು, ಹಾಕಿದರು. 'ದಯವಿಟ್ಟು ಡಿಸ್ಕ್ ಹಾಕಿ.' ಮತ್ತೊಂದು ಸಿಡಿ ಹಾಕಿದರು. ಅದೇ ಮಾತು. ಬ್ಯಾಕಪ್ಪ ಬೆವರುತ್ತ ಇಡೀ ಕಪಾಟನ್ನೇ ವೇದಿಕೆಗೆ ತಂದ. ಒಂದೊಂದನ್ನೂ ಯಂತ್ರ ಬಾಯಿಗೆ ಹಾಕಿಕೊಂಡು, ಊಟ ಸೇರದ ಮಗುವಿನಂತೆ ಉಗುಳಿತು. ಸಭೆ ಕರಗಿತು. ಕೊನೆಗೆ ಮ್ಯಾನೇಜರ್, "ಕಾರ್ಯಕ್ರಮ ಯಶಸ್ವಿಯಾಗಿ ಮುಗಿಯಿತು" ಎಂದು ಮೈಕಿನಲ್ಲಿ ಹೇಳಿ ಟೇಪು ಕತ್ತರಿಸಿದರು, ಯಾಕೆಂದರೆ ಕತ್ತರಿಯನ್ನು ಟೈಲರನಿಗೆ ವಾಪಸು ಕೊಡಬೇಕಿತ್ತು.

"ಯಂತ್ರವೇ ಸರಿ ಇಲ್ಲ ಭಾವ" ಎಂದ ಬ್ಯಾಕಪ್ಪ.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಎಂದಳು ಅಕ್ಕ. ಭಾವ ಸ್ಲೇಟಿನಲ್ಲಿ ಏನೂ ಬರೆದಿರಲಿಲ್ಲ. ಅದು ಅವಳದೇ ಮಾತು.

ಸುದ್ದಿ ಬೀದಿಗೆ ಮುಟ್ಟಿದ ಮೇಲೆ ಬ್ಯಾಕಪ್ಪನ ಮನೆ ಚಿಕಿತ್ಸಾಲಯವಾಯಿತು. ಕಾಯಿಲೆಗೆ ಒಬ್ಬ ಡಾಕ್ಟರ್ ಸಾಕು. ಸಿಡಿಗೆ ಬೀದಿಯೆಲ್ಲ ಡಾಕ್ಟರು. ಬಾಳೆಹಣ್ಣಿನ ಸಿಪ್ಪೆಯ ಒಳಭಾಗದಿಂದ ಉಜ್ಜಿದರೆ ಗೀರು ಮುಚ್ಚುತ್ತದೆ ಎಂದು ಹಣ್ಣಿನಂಗಡಿಯವಳು ಹೇಳಿದಳು, ಉಜ್ಜಿದರು. ಟೂತ್‌ಪೇಸ್ಟು ಎಂದ ಕಂಡಕ್ಟರ್, ಹಚ್ಚಿದರು. ಫ್ರಿಜ್ಜಿನಲ್ಲಿ ಇಟ್ಟರೆ ಡೇಟಾ ಗಟ್ಟಿಯಾಗುತ್ತದೆ ಎಂದರು ಹಿಂದಿನ ಮನೆಯ ನಿವೃತ್ತ ಮೇಷ್ಟ್ರು. ಐಸಿನ ಪಕ್ಕ ಇಟ್ಟರು. "ಗಟ್ಟಿಯಾಗಿದ್ದು ಜಾಸ್ತಿ ಆಯ್ತು, ಸ್ವಲ್ಪ ಹದ ಮಾಡ್ಬೇಕು" ಎಂದು ಎದುರುಮನೆ ಟೈಲರ್ ಬಟ್ಟೆ ಹಾಸಿ ಬಿಸಿ ಇಸ್ತ್ರಿಪೆಟ್ಟಿಗೆ ಎಳೆದ. ಆ ಸಿಡಿ ಹಪ್ಪಳದ ಹಾಗೆ ಮುರುಟಿತು.

"ಇದ್ರಲ್ಲಿ ಏನಿತ್ತು?" ಎಂದ ಟೈಲರ್.

ಬ್ಯಾಕಪ್ಪ ಚೀಟಿ ನೋಡಿದ. "ಊರುಗಳ ಹೆಸರು."

"ಎಲ್ಲಾ ಊರಾ?"

"ಎಲ್ಲಾ."

ಅಕ್ಕ ಬಾಗಿಲಲ್ಲಿ ನಿಂತಿದ್ದಳು. "ಲೋ," ಎಂದಳು, "ನಮ್ಮನೆಯವರ ಗಂಟಲು ಡಾಕ್ಟ್ರು ಒಂದು ಸಲ ಕೊಯ್ದ್ರು. ಪಾಪ, ಮತ್ತು ಬರೋ ಔಷಧಿ ಕೊಟ್ಟು ಕೊಯ್ದ್ರು. ನೀನು ಎರಡನೇ ಸಲ ಕೊಯ್ದೆ, ಎಚ್ಚರ ಇದ್ದ ಹಾಗೇ."

ಬ್ಯಾಕಪ್ಪನ ಹೆಂಡತಿ, "ಅತ್ತಿಗೆ, ಒಳಗೆ ಬನ್ನಿ, ಟೀ ಕುಡೀರಿ" ಎಂದಳು. ಅಕ್ಕ ಒಳಗೆ ಬರಲಿಲ್ಲ.

ಕಚೇರಿಯಲ್ಲಿ ವಿಚಾರಣೆ ನಡೆಯಿತು. ತಪಾಸಣಾಧಿಕಾರಿ ತಮ್ಮ ವರದಿಗಳನ್ನು ಮುಂದಿಟ್ಟು, "ನಾನು ನನ್ನ ಮುಖ ಕಂಡಿದೀನಿ. ನನ್ನ ಮುಖ ನನಗೆ ಗುರುತು ಸಿಗಲ್ವೇನ್ರೀ?" ಎಂದು ಗುಡುಗಿದರು. ಸಿಡಿ ಸುಸ್ಥಿತಿಯಲ್ಲಿದೆ, ಯಂತ್ರ ಹೊಸದು, ಅಂದಮೇಲೆ ದೋಷ ಧ್ವನಿಯದ್ದೇ ಇರಬೇಕು ಎಂಬ ತೀರ್ಮಾನಕ್ಕೆ ಬರಲಾಯಿತು. ಧ್ವನಿ ಬಹಳ ಹಳೆಯದಾಗಿತ್ತು ಎಂಬುದಕ್ಕೆ ದಾಖಲೆಯೂ ಇತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ವಂಶದ ಮ್ಯಾನೇಜರ್ ಅಂದೇ ಭಾವನಿಗೆ ಕಾಗದ ಕಳಿಸಿದರು: 'ಸಂಬಂಧಪಟ್ಟ ನೌಕರರು ಖುದ್ದಾಗಿ ಹಾಜರಾಗಿ ಮತ್ತೊಮ್ಮೆ ಧ್ವನಿ ನೀಡತಕ್ಕದ್ದು.'

ಅಕ್ಕ ಕಾಗದವನ್ನು ಓದಿ ನಕ್ಕಳು. ಆಮೇಲೆ ಅದನ್ನು ಹರಿಯಹೊರಟಳು. ಭಾವ ಅವಳ ಕೈ ಹಿಡಿದು, 'ಹೋಗೋಣ' ಎಂದು ಬರೆದ.

"ಹೋಗೋಣವಂತೆ. ಹೋಗಿ ಆ ಮ್ಯಾನೇಜರ್ ಮುಖಕ್ಕೆ..."

ಭಾವ ತಲೆ ಅಡ್ಡಡ್ಡ ಆಡಿಸಿದ. ಬರೀ ಹೋಗೋಣ.

ಹೋದರು. ರೆಕಾರ್ಡಿಂಗ್ ಕೋಣೆಯ ಗೋಡೆಗೆ ಹಳೆಯ ಬಸ್ ಸೀಟುಗಳ ಸ್ಪಂಜು ಬಡಿದಿದ್ದರು. ಭಾವ ಮಫ್ಲರು ಬಿಚ್ಚಿ ಮಡಿಸಿಟ್ಟ. ಹಿಂದಿನ ಹಾಗೆಯೇ ಎಡಗೈಯನ್ನು ಕಿವಿಯ ಹಿಂದೆ ಇಟ್ಟುಕೊಂಡು, ಬೆನ್ನು ನೆಟ್ಟಗೆ ಮಾಡಿ, ಉಸಿರು ತುಂಬಿಕೊಂಡ. ಗಾಜಿನ ಆಚೆ ಮ್ಯಾನೇಜರ್ ಕಿವಿಗೆ ಹೆಡ್‌ಫೋನ್ ಹಾಕಿ ಬೆರಳೆತ್ತಿದರು. ಭಾವ ಶುರುಮಾಡಿದ. ಪ್ರಯಾಣಿಕರ ಗಮನಕ್ಕೆ ಎಂಬಲ್ಲಿಂದ ಹಿಡಿದು ಎಲ್ಲವನ್ನೂ ಹೇಳಿದ. ತುಟಿ ಬಿರಿಯಿತು, ಹುಬ್ಬು ಏರಿತು, ಕುತ್ತಿಗೆಯ ನರ ಉಬ್ಬಿತು. ಅಲ್ಪವಿರಾಮ, ಪೂರ್ಣವಿರಾಮ ಎಲ್ಲ ಇದ್ದವು. ಗಂಟಲ ತೂತಿನಿಂದ ಬಸ್ಸಿನ ಬಾಗಿಲು ಮುಚ್ಚುವಾಗಿನಂತೆ ಸುಯ್ ಎಂಬ ಗಾಳಿ ಬಂತು, ಅಷ್ಟೆ.

"ಸ್ವಲ್ಪ ಜೋರಾಗಿ" ಎಂದರು ಮ್ಯಾನೇಜರ್.

"ಸಾರ್, ಅವ್ರಿಗೆ ಧ್ವನಿ ಇಲ್ಲ!" ಎಂದು ಅಕ್ಕ ಕಿರುಚಿದಳು.

"ಅದು ನಮಗೂ ಗೊತ್ತಮ್ಮ. ಇದ್ದಿದ್ರೆ ಹೊಸದಾಗಿ ಯಾಕೆ ತಗೋತಿದ್ವಿ?"

ಬ್ಯಾಕಪ್ಪ ಆ ರೆಕಾರ್ಡಿಂಗನ್ನು ಸಿಡಿಗೆ ಹಾಕಿ, ಚೀಟಿ ಮೆತ್ತಿ, ಹೆಸರು ಬರೆದ. ತಪಾಸಣಾಧಿಕಾರಿ ಮುಖ ನೋಡಿಕೊಂಡರು. ಸುಸ್ಥಿತಿಯಲ್ಲಿತ್ತು.

ಬ್ಯಾಕಪ್ಪನನ್ನು ನಾವು ತೀರಾ ಬೈಯುವುದು ಬೇಡ. ಉಳಿದ ಸಿಡಿಗಳನ್ನು ಹೊತ್ತು ಅವನು ಕಂಪ್ಯೂಟರ್ ರಿಪೇರಿ ಅಂಗಡಿಗಳನ್ನೆಲ್ಲ ಸುತ್ತಿದ. ಒಬ್ಬ ನೋಡದೆಯೇ ಆಗಲ್ಲ ಎಂದ. ಒಬ್ಬ ಇಟ್ಟುಕೊಂಡು ಮರೆತ. ಇನ್ನೊಬ್ಬ, ಮಾತಿಗೆ ಮೊದಲೂ ಮಾತಿನ ಕೊನೆಗೂ ಆಕಳಿಸುವವನು, ಎಲ್ಲವನ್ನೂ ತನ್ನ ಯಂತ್ರಕ್ಕೆ ಹಾಕಿಟ್ಟು ಬಹಳ ದಿನ ಸತಾಯಿಸಿ, ಒಂದು ಸಂಜೆ ಫೋನು ಮಾಡಿದ.

"ಒಂದು ಸಿಕ್ತು."

"ಒಂದು ಸಿಡಿನಾ?"

"ಒಂದು ಸಾಲು."

ಅಂದು ಬ್ಯಾಕಪ್ಪನ ಮನೆಯಲ್ಲಿ ಎಲ್ಲರೂ ಸೇರಿದರು. ಭಾವ ಸ್ಪೀಕರಿಗೆ ಕಿವಿ ತಾಗುವಷ್ಟು ಹತ್ತಿರ ಕುಳಿತ. ಬ್ಯಾಕಪ್ಪ ಗುಂಡಿ ಒತ್ತಿದ. ಸ್ವಲ್ಪ ಗರಗರ. ಆಮೇಲೆ ಆ ಧ್ವನಿ, ಆ ಹಳೆಯ, ಗಟ್ಟಿಯಾದ, ತುಂಬಿದ ಕೊಡದಂಥ ಧ್ವನಿ ಕೋಣೆಯನ್ನೆಲ್ಲ ತುಂಬಿತು:

"ನಿಮಗಾದ ಅನನುಕೂಲಕ್ಕಾಗಿ ವಿಷಾದಿಸುತ್ತೇವೆ."

ಮೊದಲು ಬಾಯಿಬಿಟ್ಟವಳು ಅಕ್ಕ. "ಇಷ್ಟು ವರ್ಷ ಸಂಸಾರ ಮಾಡ್ದೆ," ಎಂದಳು, ಸೆರಗಿನಿಂದ ಮೂಗು ಒರೆಸುತ್ತ, "ಒಂದು ದಿನ ನನ್ನ ಹತ್ರ ಈ ಮಾತು ಹೇಳ್ಲಿಲ್ಲ ಈ ಮನುಷ್ಯ. ಊರಿಗೆ ಉಪಕಾರಿ!" ಅವಳು ನಗುತ್ತಲೂ ಇದ್ದಳು. ಭಾವ 'ಇನ್ನೊಮ್ಮೆ' ಎಂದು ಬರೆದ. ಅದನ್ನು ಯಾರೂ ಓದಿ ಹೇಳಬೇಕಾಗಲಿಲ್ಲ. ಇನ್ನೊಮ್ಮೆ ಹಾಕಿದರು, ಮತ್ತೊಮ್ಮೆ ಹಾಕಿದರು, ಟೀ ಆರಿತು.

ಬ್ಯಾಕಪ್ಪ ಅಲ್ಲಿಗೆ ಸುಮ್ಮನಾಗಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು, ಎಲ್ಲರಿಗೂ ಒಳ್ಳೆಯದಾಗುತ್ತಿತ್ತು. ಆದರೆ ಕಳೆದ ಮಾನ ಮರಳಿ ಬೇಕಿತ್ತು. ಮರುದಿನವೇ ಆ ಸಾಲನ್ನು ಮ್ಯಾನೇಜರಿಗೆ ಕೇಳಿಸಿದ. "ಸಿಡಿ ಮೋಸ ಮಾಡಲ್ಲ ಸಾರ್, ತಡ ಮಾಡುತ್ತೆ ಅಷ್ಟೆ."

ಮ್ಯಾನೇಜರ್ ಕುರ್ಚಿಯಿಂದ ಎದ್ದರು. "ಇದೇ ಬೇಕಾಗಿದ್ದಿದ್ದು ಕಣ್ರೀ! ಯಂತ್ರದಮ್ಮ ಕ್ಷಮೆ ಕೇಳಿದ್ರೆ ಜನ ಕಲ್ಲು ತಗೋತಾರೆ. ಇದು ನೋಡಿ, ಎಷ್ಟು ಮನಸ್ಸಿನಿಂದ ಬಂದಿದೆ."

ಹೀಗೆ ಕೆಲಸ ಹಂಚಿಕೆಯಾಯಿತು. ಬಂದ ಬಸ್ಸುಗಳನ್ನು ಯಂತ್ರದಮ್ಮ ಕೂಗುವುದು. ಬರದವುಗಳಿಗೆ ಭಾವ ವಿಷಾದಿಸುವುದು. ಬರದವೇ ಹೆಚ್ಚಿದ್ದುದರಿಂದ ಭಾವನಿಗೆ ಬಿಡುವಿರಲಿಲ್ಲ. ಕ್ರಮೇಣ ಮ್ಯಾನೇಜರಿಗೆ ಅದರ ರುಚಿ ಹತ್ತಿತು. ನಲ್ಲಿಯಲ್ಲಿ ನೀರು ನಿಂತರೆ ವಿಷಾದ. ಶೌಚಾಲಯಕ್ಕೆ ಬೀಗ ಬಿದ್ದರೆ ವಿಷಾದ. ಸೂರು ಸೋರಿದರೆ ರಿಪೇರಿಗೆ ಆಳು ಕರೆಸುವ ಬದಲು ಗುಂಡಿ ಒತ್ತುವುದು. ರಿಪೇರಿಗಿಂತ ವಿಷಾದ ಬೇಗ ಆಗುತ್ತಿತ್ತು.

ಮೊದಲ ದಿನಗಳಲ್ಲಿ ಭಾವ ಬೆಂಚಿನಲ್ಲಿ ಕುಳಿತು, ಯಂತ್ರದಮ್ಮ ಮಾತಾಡುವಾಗ ಬಾಯಿ ಮುಚ್ಚಿ, ತನ್ನ ಸಾಲು ಬಂದಾಗ ತುಟಿ ಅಲುಗಿಸುತ್ತಿದ್ದ. ಅದು ಜನರ ಕಣ್ಣಿಗೆ ಬಿತ್ತು.

"ಓ, ವಿಷಾದಿಸೋರು ಇವ್ರೇ ಏನು?" ಎಂದ ಟ್ರಂಕು ಹೊತ್ತ ಒಬ್ಬ. "ಬಸ್ ಎಲ್ರೀ?"

"ಅಜ್ಜಾ, ನಿಮ್ಮ ವಿಷಾದ ಹಂಗಿರ್ಲಿ, ನನ್ನ ಪರೀಕ್ಷೆ ಹೋಯ್ತಲ್ಲ" ಎಂದಳು ಒಬ್ಬ ಹುಡುಗಿ.

"ಮಾತಾಡಿ ಸ್ವಾಮಿ! ಮೈಕಲ್ಲಿ ಅಷ್ಟು ಜೋರು, ಎದುರಿಗೆ ಬಂದ್ರೆ ಮೂಗನ ಹಾಗೆ ಕೂತಿದಾನೆ ನೋಡಿ!"

ಯಂತ್ರದಮ್ಮನನ್ನು ಹಿಡಿದು ಬೈಯಲು ಅವಳಿಗೆ ಮೈಯಿರಲಿಲ್ಲ. ಮ್ಯಾನೇಜರ ಕೋಣೆಗೆ ಕಾವಲಿನವನಿದ್ದ. ಭಾವನಿಗೆ ಮೈಯೂ ಇತ್ತು, ಕೂರುವ ಜಾಗವೂ ಎಲ್ಲರಿಗೆ ಗೊತ್ತಿತ್ತು. ನಿಲ್ದಾಣದ ಬೈಗುಳವೆಲ್ಲ ಸಾಲುಗಟ್ಟಿ ಆ ಕಲ್ಲುಬೆಂಚಿಗೆ ಬರತೊಡಗಿತು. ಅಕ್ಕ ಅವನ ಪಕ್ಕ ಕುಳಿತು ಬಂದವರಿಗೆಲ್ಲ ಬಡ್ಡಿ ಸಮೇತ ತಿರುಗಿಸಿ ಕೊಡುತ್ತಿದ್ದಳು. "ನನ್ನ ಗಂಡ ಬಸ್ಸು ನುಂಗಿದಾನೇನಯ್ಯಾ? ಬಾಯಿ ಬಿಚ್ಚಿ ತೋರಿಸ್ಲಾ?"

ಒಂದು ಬೆಳಗ್ಗೆ ಒಬ್ಬ ಬಂದ. ಗಡ್ಡ ಬೆಳೆದಿತ್ತು, ಕೈಯಲ್ಲಿ ಚೀಲವೂ ಇರಲಿಲ್ಲ. ಅವನು ಕೂಗಾಡಲಿಲ್ಲ. ಭಾವನ ಅಂಗಿಯ ಕಾಲರು ಹಿಡಿದು ಮೆಲ್ಲಗೆ ಕೇಳಿದ: "ನಿನ್ನೆ ಹಗಲೆಲ್ಲ ವಿಷಾದಿಸ್ತಾನೇ ಇದ್ರಿ. ನಾನು ಹೋಗೋಷ್ಟರಲ್ಲಿ ನಮ್ಮವ್ವನ್ನ ಮಣ್ಣು ಮಾಡಿದ್ರು. ಈಗ ಹೇಳಿ. ನಿಮ್ಮ ಬಾಯಿಂದ ಒಂದ್ಸಲ ನಂಗೆ ಹೇಳಿ."

ಅಕ್ಕ ಪಕ್ಕಕ್ಕೆ ಸರಿದು ಅವನಿಗೆ ಬೆಂಚಿನಲ್ಲಿ ಜಾಗ ಬಿಟ್ಟಳು. ಭಾವ ಸ್ಲೇಟು ತೆಗೆದು ಬರೆದ: 'ನಾನಲ್ಲ.' ಬರೆದು ಅವನಿಗೆ ತೋರಿಸಿದ. ಅದೇ ಗಳಿಗೆಗೆ ಮೇಲಿಂದ, ಗಟ್ಟಿಯಾಗಿ, ಮನಸ್ಸು ತುಂಬಿ, ಭಾವನ ಧ್ವನಿ ಬಂತು:

"ನಿಮಗಾದ ಅನನುಕೂಲಕ್ಕಾಗಿ ವಿಷಾದಿಸುತ್ತೇವೆ."

ಆ ಮನುಷ್ಯ ಸ್ಲೇಟನ್ನು ನೋಡಿದ, ಧ್ವನಿವರ್ಧಕವನ್ನು ನೋಡಿದ, ಕಾಲರು ಬಿಟ್ಟ. ಹೋಗುವಾಗ ಬೆಂಚಿನ ಮೇಲೆ ಉಗುಳಿದ.

ಆವತ್ತು ಬ್ಯಾಕಪ್ಪ ಅಕ್ಕನ ಮನೆಗೆ ಹೋದಾಗ ಭಾವ ಸ್ಲೇಟನ್ನು ಮೊದಲೇ ಬರೆದು ಗೋಡೆಗೆ ಒರಗಿಸಿಟ್ಟಿದ್ದ. ಅಕ್ಕ ಓದಿದಳು.

"ಅಳಿಸು."

ಬ್ಯಾಕಪ್ಪ ಕಾದ. ಅಕ್ಕ ಇನ್ನೇನಾದರೂ ಸೇರಿಸುತ್ತಾಳೆ ಎಂದು ಕಾದ: ತಮ್ಮನಾದವನು, ಎಂತಲೋ, ನಿನ್ನ ಹೊಟ್ಟೆ ತಣ್ಣಗಿರ್ಲಿ, ಎಂತಲೋ. ಅವಳು ಸೇರಿಸಲಿಲ್ಲ.

ಅಳಿಸುವುದರಲ್ಲಿ ಬ್ಯಾಕಪ್ಪನಷ್ಟು ಅನುಭವವಿದ್ದವರು ಆ ನಿಲ್ದಾಣದಲ್ಲಿ ಬೇರೆ ಯಾರಿದ್ದರು? ಮರುದಿನ ಬೆಳಗ್ಗೆಯೇ ಹೋಗಿ ಯಂತ್ರದಿಂದ ಆ ಸಾಲನ್ನು ಅಳಿಸಿದ. ಟೀ ಕುಡಿದು ಬರುವಷ್ಟರಲ್ಲಿ ಅದು ಮತ್ತೆ ಅಲ್ಲೇ ಇತ್ತು. ಮತ್ತೆ ಅಳಿಸಿದ. ಮತ್ತೆ ಬಂತು. ಗೋಡೆಯ ಮೇಲಿನ ನೊಣದ ಹಾಗೆ ಎದ್ದು ಬಂದು ಅಲ್ಲೇ ಕೂರುತ್ತಿತ್ತು. ಕೊನೆಗೆ ಮ್ಯಾನೇಜರ ಮುಂದೆ ಕೈಮುಗಿದು ನಿಂತ.

"ಅಳಿಸೋದಾ?" ಮ್ಯಾನೇಜರ್ ನಕ್ಕರು. "ಆಗಲ್ಲ ಕಣ್ರೀ. ನಿಮ್ಮಿಂದಲೇ ಕಲಿತ ಪಾಠ. ಕೇಂದ್ರ ಕಚೇರೀಲಿ ಒಂದು ಇಟ್ಟಿದೀವಿ, ಎಲ್ಲಾ ನಿಲ್ದಾಣಕ್ಕೂ ಒಂದೊಂದು ಕಳಿಸಿದೀವಿ. ಇಲ್ಲಿ ಅಳಿಸಿದ್ರೆ ಅಲ್ಲಿಂದ ತಾನಾಗೇ ಬಂದು ಕೂರುತ್ತೆ. ಎಲ್ಲಾ ಊರಿನವರೂ ಮೆಚ್ಚಿಕೊಂಡಿದಾರೆ. ನನ್ನ ಫೋನಲ್ಲೂ ಹಾಕ್ಕೊಂಡಿದೀನಿ, ಮನೆಗೆ ತಡವಾಗಿ ಹೋದಾಗ ಹೆಂಡ್ತಿಗೆ ಕೇಳಿಸ್ತೀನಿ. ನಿಮ್ಮ ಭಾವನವ್ರಿಗೆ ಹೇಳಿ, ನಿಶ್ಚಿಂತೆಯಾಗಿರಿ ಅಂತ. ಇನ್ನು ನೂರು ವರ್ಷ ಏನೂ ಆಗಲ್ಲ."

ಬ್ಯಾಕಪ್ಪ ಹೊರಗೆ ಬಂದ. ಕೆಟ್ಟ ಸಿಡಿಗಳು ಪಾರಿವಾಳಗಳನ್ನು ಬೆದರಿಸಲಿ ಎಂದು ಯಾರೋ ಅವನ್ನು ದಾರಕ್ಕೆ ಪೋಣಿಸಿ ಸೂರಿಗೆ ನೇತುಹಾಕಿದ್ದರು. ಪಾರಿವಾಳಗಳು ಒಂದೆರಡು ದಿನ ಬೆದರಿ, ಈಗ ಪಕ್ಕದಲ್ಲೇ ಕುಳಿತು ಅವುಗಳಲ್ಲಿ ಮುಖ ನೋಡಿಕೊಳ್ಳುತ್ತಿದ್ದವು. ತಪಾಸಣೆ ಕ್ರಮವಾಗಿಯೇ ನಡೆದಿತ್ತು.

ಬೆಂಚಿನಲ್ಲಿ ಭಾವ ಕುಳಿತಿದ್ದ, ಪಕ್ಕದಲ್ಲಿ ಅಕ್ಕ. ಇಬ್ಬರೂ ಬ್ಯಾಕಪ್ಪನನ್ನೇ ನೋಡುತ್ತಿದ್ದರು. ಭಾವ ಹುಬ್ಬೇರಿಸಿದ: ಆಯಿತೇ? ಬ್ಯಾಕಪ್ಪ ಹತ್ತಿರ ಹೋದ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ. ಬಾಯಿ ತೆರೆದ.

"ನಿಮಗಾದ ಅನನುಕೂಲಕ್ಕಾಗಿ ವಿಷಾದಿಸುತ್ತೇವೆ" ಎಂದಿತು ಮೇಲಿನಿಂದ.

ಭಾವನ ತುಟಿ ಅಲುಗಲಿಲ್ಲ. ಅಲುಗಿದ್ದು ಬ್ಯಾಕಪ್ಪನದು.